ದವಾಖಾನೆ ಯಾರದು, ದುಡ್ಡು ಯಾರದು?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ದೊಡ್ಡ ವಹಿವಾಟು. ಸಾಲುಗಟ್ಟಿದ ಚೀಲಗಳಿಗೆ ಟೆಂಡರ್ ಮುಗಿದು, ತೂಕವಾಗಿ, ದಲಾಲರ ಅಂಗಡಿಯ ಪಟ್ಟಿ ರೈತನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಬರೆದ ಮೊತ್ತ ಅವನ ಮನಸ್ಸಿನಲ್ಲಿ ಆಗಲೇ ಹಂಚಿಹೋಗಿರುತ್ತದೆ. ಬೀಜ-ಗೊಬ್ಬರದ ಅಂಗಡಿಗೆ ಇಷ್ಟು, ತಂದ ಮುಂಗಡಕ್ಕೆ ಇಷ್ಟು, ಬಿಡಿಸಿದ ಕೂಲಿಗೆ ಇಷ್ಟು, ಮಕ್ಕಳ ಕಾಲೇಜಿಗೆ ಇಷ್ಟು. ದವಾಖಾನೆಗೆಂದು ಆ ಹಂಚಿಕೆಯಲ್ಲಿ ಯಾರೂ ಒಂದು ಸಾಲು ಬರೆದಿಟ್ಟಿರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದರೆ, ಒಬ್ಬರ ಕಿಡ್ನಿ ಕೈಕೊಟ್ಟರೆ, ಉಳಿದೆಲ್ಲ ಸಾಲುಗಳನ್ನು ಅಳಿಸಿ ಅದೇ ಮೊದಲ ಸಾಲಾಗುತ್ತದೆ. ಇನ್ನು ಆ ಮೊತ್ತವಾದರೂ ನೆಚ್ಚುವಂಥದ್ದೇ? 2024ರ ಮಾರ್ಚ್ 11ರಂದು ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಇದೇ ಮಾರುಕಟ್ಟೆಯ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾಡೆಲ್ಲ ನೋಡಿತು. ಆದಾಯ ಒಂದೇ ವಾರದಲ್ಲಿ ಹೀಗೆ ನೆಲಕಚ್ಚಬಹುದಾದ ಸೀಮೆಯಲ್ಲಿ ಕಾಯಿಲೆಯ ಖರ್ಚನ್ನು ಆಯಾ ಮನೆಯ ಗಂಟಿಗೇ ಬಿಟ್ಟುಬಿಡುವುದು ಅನ್ಯಾಯ. ಆ ಖರ್ಚನ್ನು ಎಲ್ಲರೂ ಸೇರಿ ಹೊರುವುದು ಹೇಗೆ ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞರದು ಎಷ್ಟೋ, ಮೆಣಸಿನಕಾಯಿ ಬೆಳೆಯುವವರದೂ ತೊಟ್ಟು ಮುರಿಯುವ ಹೆಣ್ಣುಮಕ್ಕಳದೂ ಅಷ್ಟೇ.

ಈ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಒಂದೇ ಜಾಡಿನಲ್ಲಿ ಸಾಗುತ್ತದೆ. ಒಬ್ಬರು ಸರ್ಕಾರಿ ದವಾಖಾನೆ ಸುಧಾರಿಸಲಿ ಎನ್ನುತ್ತಾರೆ, ಇನ್ನೊಬ್ಬರು ಸರ್ಕಾರದ ಕೈಲಿ ಆಗದು, ಖಾಸಗಿಯವರಿಗೆ ಕೊಡಲಿ ಎನ್ನುತ್ತಾರೆ. ಕಟ್ಟಡ ಯಾರದು ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ಅದರ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಇನ್ನೆರಡಿವೆ: ಆ ಕಟ್ಟಡದೊಳಗಿನ ಚಿಕಿತ್ಸೆಗೆ ದುಡ್ಡು ಯಾವ ದಾರಿಯಿಂದ ಬರುತ್ತದೆ, ಕೊಟ್ಟ ದುಡ್ಡಿಗೆ ಲೆಕ್ಕ ಕೇಳುವವರು ಯಾರು? ಹಾವೇರಿ ಜಿಲ್ಲೆಯ ಕಳೆದ ಎರಡು ದಶಕಗಳ ಅನುಭವವನ್ನೂ ದೂರದ ಕೆಲವು ದೇಶಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ರೋಗಿಯ ಹಣೆಬರಹವನ್ನು ಹೆಚ್ಚಾಗಿ ಬರೆಯುವುದು ಈ ಎರಡು ಪ್ರಶ್ನೆಗಳೇ ಎಂದು ನನಗೆ ಖಚಿತವಾಗಿದೆ.

ದೂರದ ದೇಶಗಳೆಂದರೆ ಹಿಂದೆ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೂರ್ವ ಯುರೋಪಿನ ದೇಶಗಳು. ಅವುಗಳ ಕತೆಗೂ ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹಳೆಯ ನಂಟಿದೆ. ರಷ್ಯಾದ ಕ್ರಾಂತಿಯ ನಂತರ ಅಲ್ಲಿನ ಮೊದಲ ಆರೋಗ್ಯ ಮಂತ್ರಿಯಾದ ನಿಕೊಲಾಯ್ ಸೆಮಾಷ್ಕೊ ರೂಪಿಸಿದ ವ್ಯವಸ್ಥೆಯಲ್ಲಿ ಆಸ್ಪತ್ರೆ ಸರ್ಕಾರದ್ದು, ವೈದ್ಯರು ಸರ್ಕಾರಿ ನೌಕರರು, ಚಿಕಿತ್ಸೆ ಉಚಿತ. ಪೂರ್ವ ಯುರೋಪಿನ ದೇಶಗಳಿಗೂ ಮುಂದೆ ಇದೇ ಮಾದರಿಯಾಯಿತು. ಆ ವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದಿದ್ದ ಹೆನ್ರಿ ಸಿಗರಿಸ್ಟ್ 1944ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಆರೋಗ್ಯ ವ್ಯವಸ್ಥೆಯ ಪರಿಶೀಲನೆಗೆ ನೇಮಕವಾಗಿದ್ದ ಭೋರ್ ಸಮಿತಿಗೆ ಸಲಹೆ ನೀಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆಯನ್ನು ದೇಶದ ಮುಂದಿಟ್ಟದ್ದು 1946ರ ಭೋರ್ ಸಮಿತಿಯ ವರದಿಯೇ. ನಮ್ಮಲ್ಲಿ ಅದು ಅರ್ಧ ಜಾರಿಯಾಯಿತು. ಸರ್ಕಾರ ಕೇಂದ್ರಗಳನ್ನು ಕಟ್ಟಿತು, ಆದರೆ ಅವುಗಳನ್ನು ನಡೆಸಲು ಬೇಕಾದಷ್ಟು ಹಣ ಎಂದೂ ಇಡಲಿಲ್ಲ. ಉಳಿದ ಅರ್ಧವನ್ನು ಜನ ತಮ್ಮ ಕಿಸೆಯಿಂದ ತುಂಬುತ್ತ ಬಂದರು.

ಯುರೋಪಿನ ಆ ದೇಶಗಳಲ್ಲಿ 1990ರ ಆಸುಪಾಸಿನಲ್ಲಿ ಹಳೆಯ ಆಡಳಿತ ಕುಸಿದಾಗ ಮಾಲೀಕತ್ವ ಮತ್ತು ಹಣದ ದಾರಿ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗಿ ಬಂತು. ಎಲ್ಲರೂ ಒಂದೇ ಹಾದಿ ಹಿಡಿಯಲಿಲ್ಲ. ಎಸ್ಟೋನಿಯಾವನ್ನು ನೋಡಿ. ಅಲ್ಲಿಯ ಜನಸಂಖ್ಯೆ ಸುಮಾರು 13 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಹಾವೇರಿ ಜಿಲ್ಲೆಯೊಂದರದೇ 15,97,668. ಅಷ್ಟು ಪುಟ್ಟ ದೇಶ ಸಂಬಳದ ಶೇ 13ರಷ್ಟನ್ನು ತೆರಿಗೆಯಾಗಿ ಪಡೆದು ಆರೋಗ್ಯಕ್ಕೆಂದೇ ಮೀಸಲಿಟ್ಟು, ಅದನ್ನು ಒಂದೇ ನಿಧಿಗೆ ತುಂಬಿ, ಆ ನಿಧಿ ಆಸ್ಪತ್ರೆಗಳ ಜೊತೆ ಕರಾರು ಮಾಡಿಕೊಳ್ಳುವಂತೆ ಮಾಡಿತು. ಆಸ್ಪತ್ರೆಗಳನ್ನು ಕಂಪನಿಗಳಂತೆ, ಪ್ರತಿಷ್ಠಾನಗಳಂತೆ ಸ್ವತಂತ್ರವಾಗಿ ನಡೆಸಲು ಬಿಟ್ಟರೂ ದೊಡ್ಡ ಆಸ್ಪತ್ರೆಗಳ ಒಡೆತನವನ್ನು ಸರ್ಕಾರ ಮತ್ತು ನಗರಸಭೆಗಳೇ ಉಳಿಸಿಕೊಂಡವು. ಕುಟುಂಬ ವೈದ್ಯರು ಮಾತ್ರ ಸ್ವತಂತ್ರ ವೃತ್ತಿಯವರು; ತಮ್ಮ ಪಟ್ಟಿಯಲ್ಲಿರುವ ಜನರ ತಲೆಲೆಕ್ಕದಲ್ಲಿ ಅವರಿಗೆ ನಿಧಿಯಿಂದ ಹಣ ಸಂದಾಯವಾಗುತ್ತದೆ. ನಿಧಿಯ ಮೇಲ್ವಿಚಾರಣೆಯಲ್ಲಿ ಸರ್ಕಾರದ ಜೊತೆ ಉದ್ಯೋಗದಾತರಿಗೂ ವಿಮಾದಾರರಿಗೂ ಸ್ಥಾನ ಕೊಟ್ಟರು. ಪೋಲೆಂಡ್ 1999ರಲ್ಲಿ ಪ್ರಾಂತ್ಯಕ್ಕೊಂದರಂತೆ 16 ವಿಮಾ ನಿಧಿಗಳನ್ನೂ ಸೇನೆ-ಪೊಲೀಸರಿಗೆ ಬೇರೊಂದನ್ನೂ ತೆರೆಯಿತು. ಆಸ್ಪತ್ರೆಗಳನ್ನು ಸ್ಥಳೀಯ ಸರ್ಕಾರಗಳಿಗೆ ಒಪ್ಪಿಸಿತು. ಶ್ರೀಮಂತ ಪ್ರಾಂತ್ಯದ ನಿಧಿ ತುಂಬಿತು, ಬಡ ಪ್ರಾಂತ್ಯದ್ದು ಬಡವಾಗಿಯೇ ಉಳಿಯಿತು. 2003ರಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ರಾಷ್ಟ್ರೀಯ ನಿಧಿ ಮಾಡಬೇಕಾಯಿತು. ಜಾರ್ಜಿಯಾ ಎಲ್ಲರಿಗಿಂತ ಮುಂದೆ ಹೋಯಿತು. 2007ರಿಂದ ಸರ್ಕಾರಿ ಆಸ್ಪತ್ರೆಗಳನ್ನು ಮಾರತೊಡಗಿತು. ಕೊಂಡವರಲ್ಲಿ ಔಷಧ ಕಂಪನಿಗಳಿದ್ದವು, ವಿಮಾ ಕಂಪನಿಗಳಿದ್ದವು. ಚಿಕಿತ್ಸೆ ಕೊಡುವವರೂ ಬಿಲ್ ಪರಿಶೀಲಿಸುವವರೂ ಒಂದೇ ಮನೆಯವರಾದರು. ದೇಶದ ಆರೋಗ್ಯ ವೆಚ್ಚದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನರ ಕಿಸೆಯಿಂದಲೇ ಹೋಗುತ್ತಿತ್ತು. 2013ರಲ್ಲಿ ಹೊಸ ಸರ್ಕಾರ ತೆರಿಗೆ ಹಣದಿಂದ ಎಲ್ಲರಿಗೂ ಚಿಕಿತ್ಸೆ ಕೊಡುವ ಯೋಜನೆ ತಂದ ಮೇಲೆ ಆ ಭಾರ ಇಳಿಯತೊಡಗಿತು. ಹೊಸ ಯೋಜನೆ ಬಂದಾಗ ಆಸ್ಪತ್ರೆಗಳು ಖಾಸಗಿಯವರ ಕೈಯಲ್ಲೇ ಇದ್ದವು. ಬದಲಾದದ್ದು ಹಣದ ದಾರಿ.

ಇಂಥದೇ ಒಂದು ಪ್ರಯೋಗ ನಮ್ಮ ಮನೆಯಂಗಳದಲ್ಲೂ ನಡೆದಿದೆ. 2003ರಲ್ಲಿ ಸಹಕಾರ ಇಲಾಖೆಯ ಮೂಲಕ ಯಶಸ್ವಿನಿ ಯೋಜನೆ ಬಂತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆ. ಹಾಲಿನ ಸಂಘ, ಕೃಷಿ ಪತ್ತಿನ ಸಂಘಗಳ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, ಅಂದರೆ ತಿಂಗಳಿಗೆ 5 ರೂಪಾಯಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಉಚಿತ. ಮೊದಲ ವರ್ಷವೇ 16 ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಹೆಸರು ಬರೆಸಿಕೊಂಡದ್ದು, ಹಣ ಕೂಡಿಸಿದ್ದು ಊರಿನ ಸಂಘದ ಕಾರ್ಯದರ್ಶಿಯೇ ಹೊರತು ವಿಮಾ ಏಜೆಂಟರಲ್ಲ. ಒಬ್ಬರ ಕಷ್ಟಕ್ಕೆ ಹತ್ತು ಮನೆ ಕೈಜೋಡಿಸುವ ನಮ್ಮ ಹಳೆಯ ರೂಢಿಗೆ ಲಿಖಿತ ರೂಪ ಸಿಕ್ಕಂತಾಯಿತು. ಅದರ ಕೊರತೆಯೂ ಅಲ್ಲೇ ಇತ್ತು. ಸಂಘದ ಸದಸ್ಯತ್ವ ಇದ್ದವರಿಗೆ ಮಾತ್ರ ಯೋಜನೆ. ಹೊಲವಿಲ್ಲದ, ಎಮ್ಮೆಯಿಲ್ಲದ ಕೂಲಿಯವರು ಹೊರಗೇ ಉಳಿದರು. 2018ರಲ್ಲಿ ಯಶಸ್ವಿನಿಯನ್ನು ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನಗೊಳಿಸಲಾಯಿತು. ಸಹಕಾರ ಸಂಘಗಳ ಒತ್ತಾಯದಿಂದ 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು, ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ.

ಹೊರಗುಳಿದ ಬಡವರಿಗಾಗಿ ಬಂದದ್ದು ವಾಜಪೇಯಿ ಆರೋಗ್ಯಶ್ರೀ. ಇದಕ್ಕೆ ಕಂತು ಕಟ್ಟಬೇಕಾಗಿರಲಿಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ಸಾಕು. ಹೃದಯ, ಕ್ಯಾನ್ಸರ್, ನರ, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳ 402 ಚಿಕಿತ್ಸೆಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುತ್ತಿತ್ತು. 2010ರಲ್ಲಿ ಅದು ಮೊದಲು ಕಲಬುರಗಿ ವಿಭಾಗಕ್ಕೆ ಬಂತು, ಆಮೇಲೆ ಬೆಳಗಾವಿ ವಿಭಾಗಕ್ಕೆ. ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ಪಕ್ಕದ ದಾವಣಗೆರೆ, ಶಿವಮೊಗ್ಗ ಬೆಂಗಳೂರು ವಿಭಾಗದವು. ಹೀಗಾಗಿ ತುಂಗಭದ್ರೆಯ ಈ ದಂಡೆಯ ಕುಮಾರಪಟ್ಟಣದ ಬಡವನಿಗೆ ಯೋಜನೆ ಸಿಕ್ಕಿತು, ಸೇತುವೆ ದಾಟಿದರೆ ಸಿಗುವ ಹರಿಹರದ ಬಡವ ಇನ್ನೂ ಕಾಯಬೇಕಾಯಿತು. ಆಡಳಿತದ ಈ ಗೆರೆಯೇ ಸಂಶೋಧಕರಿಗೆ ಅಪರೂಪದ ಅವಕಾಶವಾಯಿತು. ನೀರಜ್ ಸೂದ್ ಮತ್ತು ಸಂಗಡಿಗರು ಗೆರೆಯ ಆಚೆ ಈಚಿನ 572 ಹಳ್ಳಿಗಳ ಸುಮಾರು 60 ಸಾವಿರ ಮನೆಗಳನ್ನು ಸಮೀಕ್ಷೆ ಮಾಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಶೇ 0.32, ಇಲ್ಲದ ಕಡೆ ಶೇ 0.90. ಆ ಕಾಯಿಲೆಗಳಿಗೆ ದಾಖಲಾದವರು ಕಿಸೆಯಿಂದ ಕೊಟ್ಟ ಹಣವೂ ಗಣನೀಯವಾಗಿ ತಗ್ಗಿತ್ತು. ಕಾರ್ಡ್ ಇಲ್ಲದ, ಬಡತನ ರೇಖೆಯ ಮೇಲಿನ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಅಧ್ಯಯನದ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ಗಮನಿಸಿ: ಯೋಜನೆಗಾಗಿ ಯಾವ ಆಸ್ಪತ್ರೆಯ ಮಾಲೀಕರೂ ಬದಲಾಗಿರಲಿಲ್ಲ. ದಾವಣಗೆರೆಯ, ಹುಬ್ಬಳ್ಳಿಯ, ಬೆಂಗಳೂರಿನ ಅವವೇ ಆಸ್ಪತ್ರೆಗಳು, ಅವವೇ ವೈದ್ಯರು. ಬಿಲ್ ಕಟ್ಟುವವರು ಬದಲಾದರು, ಅಷ್ಟಕ್ಕೇ ಜನ ಉಳಿದರು.

ಹಾಗಾದರೆ ಕಾರ್ಡ್ ಕೊಟ್ಟ ಮೇಲೆ ಎಲ್ಲ ಸರಿಹೋಯಿತೇ? ಇಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಒಂದಾಗಿ ಬಿಪಿಎಲ್ ಕುಟುಂಬದ ಮಿತಿ ವರ್ಷಕ್ಕೆ 5 ಲಕ್ಷಕ್ಕೇರಿತು, ಚಿಕಿತ್ಸೆಗಳ ಪಟ್ಟಿ 1,650ಕ್ಕೆ ಬೆಳೆಯಿತು. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ 30ರಷ್ಟು ನೆರವು ಬಂತು. ಆದರೆ ಈ ಹಣ ಹರಿಯುವುದು ಹೆಚ್ಚಾಗಿ ರೋಗಿ ಮಂಚ ಹಿಡಿದ ಮೇಲೆ. ರಾಣೇಬೆನ್ನೂರಿನ ಬೀಜದ ಪ್ಲಾಟಿನಲ್ಲಿ ದುಡಿಯುವ ಐವತ್ತರ ಹೆಣ್ಣುಮಗಳಿಗೆ ಬಿಪಿ, ಶುಗರ್ ಇದೆ ಎಂದುಕೊಳ್ಳಿ. ಅವಳ ಕಾಯಿಲೆ ಪ್ಯಾಕೇಜಿನ ಪಟ್ಟಿಯಲ್ಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಉಚಿತ ಸಿಗಬೇಕು. ಸಿಗದ ದಿನ ಕೈಗೆ ಬರುವುದು ಹೊರಗಿನ ಔಷಧ ಅಂಗಡಿಗೆ ಬರೆದ ಚೀಟಿ. ಅಂಗೈಯಗಲದ ಕಾಗದ, ಎರಡು ಸಾಲು ಅಕ್ಷರ, ಅದರ ಬೆಲೆ ಅವಳ ಒಂದು ದಿನದ ಕೂಲಿ. ಒಂದು ತಿಂಗಳು ಕೊಂಡಾಳು, ಎರಡನೇ ತಿಂಗಳು ‘ಈಗೇನೂ ತ್ರಾಸಿಲ್ಲ’ ಎಂದು ಬಿಟ್ಟಾಳು. ಐದು ವರ್ಷದ ಮೇಲೆ ಲಕ್ವ ಹೊಡೆದಾಗ, ಕಿಡ್ನಿ ಸೋತಾಗ ಅದೇ ಸರ್ಕಾರ ಅವಳ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾವಿರಗಟ್ಟಲೆ ಕಟ್ಟುತ್ತದೆ. ಗುಳಿಗೆಗೆ ಹಣವಿಲ್ಲ, ಡಯಾಲಿಸಿಸ್‌ಗೆ ಇದೆ. ಹಣ ಹೀಗೆ ಹೆದ್ದಾರಿ ಹಿಡಿದು ಹುಬ್ಬಳ್ಳಿಗೂ ದಾವಣಗೆರೆಗೂ ಹೋಗುತ್ತದೆ, ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಯ ಔಷಧ ಕೊಠಡಿಗೆ ಬರುವುದು ಕಡಿಮೆ. ಎಸ್ಟೋನಿಯಾ ತಲೆಲೆಕ್ಕದಲ್ಲಿ ಕುಟುಂಬ ವೈದ್ಯರಿಗೆ ಹಣ ಕೊಟ್ಟು ಕಾಯಿಲೆಯನ್ನು ಮನೆಯ ಹತ್ತಿರವೇ ಹಿಡಿಯಲು ನೋಡಿತು; ನಾವು ಶಸ್ತ್ರಚಿಕಿತ್ಸೆಯಿಂದ ಶುರುಮಾಡಿ ಅಲ್ಲೇ ನಿಂತಿದ್ದೇವೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ವಿಮೆಯ ಹೆಸರಿನಲ್ಲಿ ಖಾಸಗಿಯವರ ಬೊಕ್ಕಸ ತುಂಬುವ ಬದಲು ಆ ಹಣವನ್ನೆಲ್ಲ ಸರ್ಕಾರಿ ಆಸ್ಪತ್ರೆಗೇ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ನನ್ನದೂ ಹೌದು. 2022ರಲ್ಲಿ ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು ಈ ಜಿಲ್ಲೆಗೆ ಸಿಕ್ಕ ದೊಡ್ಡ ಆಸ್ತಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ ಅದಕ್ಕಾಗಿ ಕಾಲು ಶತಮಾನ ಕಾಯಿತು. ಆದರೆ ಸರ್ಕಾರದ ಒಡೆತನವೊಂದೇ ರೋಗಿಯನ್ನು ಕಾಯುತ್ತದೆ ಎನ್ನುವವರು ರಾಣೇಬೆನ್ನೂರಿನ ತಾಂಡಾಗಳ ಹೆಣ್ಣುಮಕ್ಕಳ ಮಾತು ಕೇಳಬೇಕು. ಕಳೆದ ದಶಕದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಸುಮಾರು ಒಂದೂವರೆ ಸಾವಿರ ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಯಿತು ಎಂಬ ಆರೋಪ ಬಂತು. ಅವರಲ್ಲಿ ಬಹಳಷ್ಟು ಮಂದಿ ಲಂಬಾಣಿ ಸಮುದಾಯದವರು, ಕೂಲಿಯವರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಲಾಯಿತು ಎಂಬುದು ಅವರ ದೂರು. ತನಿಖೆಗಳು ನಡೆದವು, ಪರಿಹಾರಕ್ಕಾಗಿ ಆ ಮಹಿಳೆಯರು ವರ್ಷಗಟ್ಟಲೆ ಬೀದಿಗಿಳಿದರು. ಇಂಥದೇ ದೂರು 2015ರ ಸುಮಾರಿಗೆ ಕಲಬುರಗಿಯಲ್ಲಿ ಎದ್ದಾಗ ಅಲ್ಲಿ ಬೆರಳು ತೋರಿದ್ದು ಖಾಸಗಿ ಆಸ್ಪತ್ರೆಗಳ ಕಡೆಗೆ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥ ಪ್ರಕರಣಗಳು ಸುಪ್ರೀಂ ಕೋರ್ಟ್ ಮುಟ್ಟಿ, 2023ರ ಏಪ್ರಿಲ್‌ನಲ್ಲಿ ಅದು ಎಲ್ಲ ರಾಜ್ಯಗಳೂ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಮಾಡಬೇಕೆಂದು ಆದೇಶಿಸಿತು. ಒಂದು ಕಡೆ ಸರ್ಕಾರಿ ಕಟ್ಟಡ, ಇನ್ನೊಂದು ಕಡೆ ಖಾಸಗಿ. ಎರಡೂ ಕಡೆ ಕಾಣೆಯಾಗಿದ್ದುದು ಒಂದೇ. ಒಂದು ತಾಲ್ಲೂಕಿನಲ್ಲಿ, ಒಂದು ವಯಸ್ಸಿನ, ಒಂದು ಸಮುದಾಯದ ಹೆಂಗಸರಿಗೆ ಇಷ್ಟು ಗರ್ಭಕೋಶ ಶಸ್ತ್ರಚಿಕಿತ್ಸೆ ಏಕೆ ಆಗುತ್ತಿದೆ ಎಂದು ತಿಂಗಳ ಕೊನೆಗೆ ಅಂಕಿ ಮುಂದಿಟ್ಟುಕೊಂಡು ಕೇಳುವ ಒಬ್ಬರೂ ಇರಲಿಲ್ಲ. ಅಂಕಿ ಆಸ್ಪತ್ರೆಯ ರಿಜಿಸ್ಟರಿನಲ್ಲೇ ಇತ್ತು.

ಎದುರು ಪಕ್ಷದ ವಾದ ಸರ್ಕಾರಿ ವ್ಯವಸ್ಥೆ ಕೆಟ್ಟಿದೆ, ಖಾಸಗಿಯವರಿಗೆ ವಹಿಸೋಣ ಎಂಬುದು. ಅದಕ್ಕೆ ಜಾರ್ಜಿಯಾ ಒಂದು ಉತ್ತರ. ನಮ್ಮಲ್ಲೇ ಬೇರೆ ಉತ್ತರಗಳಿವೆ. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳನ್ನು ಖಾಸಗಿ ಸಂಸ್ಥೆಗಳ ನಿರ್ವಹಣೆಗೆ ಕೊಟ್ಟ ನಂತರ ಬಿಲ್ ಬಾಕಿ, ಸಿಬ್ಬಂದಿಯ ಸಂಬಳ ಬಾಕಿ ಎಂಬ ಜಗಳ ಎದ್ದಿತು. ಆ ಜಗಳದ ನಡುವೆ ವಾರಕ್ಕೆರಡು ಸಲ ಯಂತ್ರದ ಮುಂದೆ ಮಲಗಲೇಬೇಕಾದ ರೋಗಿ ಸಿಕ್ಕಿಕೊಂಡ. 2017ರ ನವೆಂಬರ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ವೈದ್ಯರಿಗೆ ಜೈಲು ಶಿಕ್ಷೆಯ ಅಂಶ ಬಿದ್ದುಹೋಯಿತು, ಎಲ್ಲ ರೋಗಿಗಳಿಗೂ ದರ ನಿಗದಿ ಎಂಬುದು ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಎಂದಾಯಿತು. ಆದರೂ ಕಾಯ್ದೆಯಲ್ಲಿ ಉಳಿದದ್ದು ಸಣ್ಣದಲ್ಲ: ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು, ಬಿಲ್ ಬಾಕಿಯಿದೆ ಎಂದು ಶವವನ್ನು ತಡೆಹಿಡಿಯುವಂತಿಲ್ಲ. ಖಾಸಗಿ ವೈದ್ಯರೆಲ್ಲ ಲೋಭಿಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಊರುಗಳ ಸಣ್ಣ ನರ್ಸಿಂಗ್ ಹೋಮ್‌ಗಳು ಇಲ್ಲದಿದ್ದರೆ ಎಷ್ಟೋ ಹೆರಿಗೆಗಳು ಹೆದ್ದಾರಿಯ ಮೇಲೇ ಆಗುತ್ತಿದ್ದವು. ಆದರೆ ಸರ್ಕಾರಿ ಆಸ್ಪತ್ರೆ ಬಲವಾಗಿರುವ ಊರಿನಲ್ಲಿ ಮಾತ್ರ ಖಾಸಗಿ ದರವೂ ಹದ್ದುಬಸ್ತಿನಲ್ಲಿರುತ್ತದೆ. 2025ರಲ್ಲಿ ವಿಜಯಪುರದ ಜನ ತಮ್ಮ ವೈದ್ಯಕೀಯ ಕಾಲೇಜು ಪೂರ್ಣ ಸರ್ಕಾರಿಯೇ ಆಗಲಿ, ಖಾಸಗಿ ಸಹಭಾಗಿತ್ವ ಬೇಡ ಎಂದು ಧರಣಿ ಕುಳಿತದ್ದು ಈ ತಿಳಿವಳಿಕೆಯಿಂದಲೇ. ಆಸ್ತಿಯನ್ನು ಒಮ್ಮೆ ಬಿಟ್ಟುಕೊಟ್ಟರೆ ಹಿಂದಕ್ಕೆ ಪಡೆಯುವುದು ಕಷ್ಟ; ಹಣದ ದಾರಿಯನ್ನು ಮುಂದಿನ ಬಜೆಟ್ಟಿನಲ್ಲೂ ತಿದ್ದಬಹುದು.

ಇಷ್ಟಕ್ಕೆಲ್ಲ ಹಣ ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ಹಣ ಈಗಾಗಲೇ ಖರ್ಚಾಗುತ್ತಿದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನರು ಚಿಕಿತ್ಸೆಯ ಹೊತ್ತಿನಲ್ಲಿ ಕಿಸೆಯಿಂದ ತೆತ್ತದ್ದು. 2013-14ರಲ್ಲಿ ಅದು ಶೇ 64.2 ಇತ್ತು, ಇಳಿಕೆ ಸಮಾಧಾನದ ಸಂಗತಿ. ಆದರೆ ಸರ್ಕಾರಗಳು ಒಟ್ಟಾಗಿ ಹಾಕಿದ್ದು ಜಿಡಿಪಿಯ ಶೇ 1.84 ಮಾತ್ರ. 2025ಕ್ಕೆ ಶೇ 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಗುರಿ ಹಾಕಿತ್ತು. ಕಾಯಿಲೆ ಬಿದ್ದಾಗ ಬಡ್ಡಿಗೆ ತಂದು ಕಟ್ಟುವ ಹಣವನ್ನು ಆರೋಗ್ಯವಾಗಿರುವಾಗಲೇ ತೆರಿಗೆಯ ಮೂಲಕ ಕೂಡಿಸುವುದು ಹೊಸ ಹೊರೆಯಲ್ಲ, ಇರುವ ಹೊರೆಯನ್ನೇ ಹೆಗಲು ಬದಲಿಸಿ ಹೊರುವುದು.

ನನ್ನ ತೀರ್ಮಾನ ಇಷ್ಟು. ಜಿಲ್ಲೆಯ, ತಾಲ್ಲೂಕಿನ ಆಸ್ಪತ್ರೆಗಳು ಸರ್ಕಾರದ ಒಡೆತನದಲ್ಲೇ ಉಳಿಯಲಿ. ವಿಮೆಯ ಹಣದ ಒಂದು ದೊಡ್ಡ ಪಾಲು ಮಂಚ ಹಿಡಿಯುವ ಮುನ್ನದ ಚಿಕಿತ್ಸೆಗೆ, ಬಿಪಿ-ಶುಗರಿನ ಗುಳಿಗೆಗೆ, ರಕ್ತ ಪರೀಕ್ಷೆಗೆ, ತಲೆಲೆಕ್ಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಲಿ. ಯಾವ ಆಸ್ಪತ್ರೆಯಲ್ಲಿ ಯಾವ ಶಸ್ತ್ರಚಿಕಿತ್ಸೆ ಎಷ್ಟಾಯಿತು, ಅದಕ್ಕೆ ಎಷ್ಟು ಹಣ ಸಂದಿತು ಎಂಬುದನ್ನು ತಾಲ್ಲೂಕುವಾರು ಪ್ರತಿ ತಿಂಗಳು ಆಸ್ಪತ್ರೆಯ ಗೋಡೆಯ ಮೇಲೆ ಬರೆಯಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳು ಆಗಲೇ ಇವೆ. ಅವುಗಳಲ್ಲಿ ತಾಂಡಾದ ಹೆಣ್ಣುಮಗಳಿಗೆ, ಮಾರುಕಟ್ಟೆಯ ಹಮಾಲರಿಗೆ ಕುರ್ಚಿ ಸಿಗಲಿ. ಅಲ್ಲಿಯವರೆಗೆ ಓದುಗರು ತಾವೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿತು, ಆರೋಗ್ಯ ಕರ್ನಾಟಕದಿಂದ ಆಸ್ಪತ್ರೆಗೆ ಎಷ್ಟು ಹಣ ಬಂತು, ಅದರಲ್ಲಿ ಔಷಧಕ್ಕೆ ಎಷ್ಟು ಹೋಯಿತು ಎಂದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಿ. ಅರ್ಜಿಯ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಕೊಡಲೇಬೇಕು.